ಗುಜರಿಗೆ ಹೋಗುತ್ತಿರುವ ಕೋಬಾಲ್ಟ್ ಮ್ಯಾಗ್ನೆಟ್

ಮಾನ್ಯ ಸಂಪಾದಕರೇ,

ವಿರಳ ಭೂ ಖನಿಜಗಳ ಸುದ್ದಿ ಬಂದಾಗಲೆಲ್ಲ ಎಲೆಕ್ಟ್ರಿಕ್ ಸ್ಕೂಟರಿನ ನಿಯೋಡಿಮಿಯಂ ಮ್ಯಾಗ್ನೆಟ್ಟಿನದ್ದೇ ಮಾತು. ಮಂಡ್ಯದಲ್ಲಿ 26 ವರ್ಷದಿಂದ ಮೋಟಾರ್ ವೈಂಡಿಂಗ್ ಮಾಡುತ್ತಿರುವ ನಾನು ಅದರ ಅಣ್ಣ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ ಬಗ್ಗೆ ಹೇಳಬೇಕಿದೆ. ಸಮೇರಿಯಂ ಕೂಡ ವಿರಳ ಭೂ ಲೋಹವೇ.

ಎರಡು ವರ್ಷದ ಹಿಂದೆ ಅಂಗಡಿಗೆ ಎರಡು ಸರ್ವೋ ಮೋಟಾರ್ ಬಂದಿದ್ದವು, ಒಂದು ಹೊಸದು, ಒಂದು ಹಳೆಯದು. ವಾರ್ನಿಷ್ ಒಣಗಿಸಲು ಓವನ್ನಿನಲ್ಲಿ ತಂತಿ ಸುತ್ತಿದ, ತಿರುಗದ ಭಾಗವಾದ ಸ್ಟೇಟರ್ ಮಾತ್ರ ಇಡಬೇಕು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗ ಮ್ಯಾಗ್ನೆಟ್ ಕೂರಿಸಿದ, ತಿರುಗುವ ಭಾಗವಾದ ರೋಟರ್‌ಗಳನ್ನೂ ಇಟ್ಟುಬಿಟ್ಟ. ಹೇಳಿಕೊಡದ ತಪ್ಪು ನನ್ನದೇ. 160 ಡಿಗ್ರಿ, ನಾಲ್ಕು ಗಂಟೆ. ಆರಿದ ಮೇಲೆ ಹೊಸ ಮೋಟಾರಿನ ರೋಟರ್‌ಗೆ ಸ್ಪ್ಯಾನರ್ ಹಿಡಿದರೆ ಜಾರಿ ಬೀಳುತ್ತಿತ್ತು. ಹಳೆಯ ಮೋಟಾರಿನದು ಮೊದಲಿನಷ್ಟೇ ಬಿಗಿಯಾಗಿ ಕಚ್ಚಿತು. ಹೊಸದರಲ್ಲಿದ್ದದ್ದು ನಿಯೋಡಿಮಿಯಂ, ಹಳೆಯದರಲ್ಲಿದ್ದದ್ದು ಸಮೇರಿಯಂ-ಕೋಬಾಲ್ಟ್.

ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುತ್ತಿರುವ ತಂಗಿಯ ಮಗಳನ್ನು ಕೇಳಿದೆ. 'ಮಾವ, ಕೋಬಾಲ್ಟ್ ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರ್ತವೆ, ಕಾವಿಗೆ ಬೇಗ ಬಿಡಲ್ಲ. ಎಲ್ಲಾ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲೋ ಹಾಗೆ ಮಾಡೋದು ಸಮೇರಿಯಂ' ಎಂದಳು. ನಿಯೋಡಿಮಿಯಂ ಮ್ಯಾಗ್ನೆಟ್ ಸುಮಾರು 310 ಡಿಗ್ರಿಗೆ ಕಾಂತತ್ವವನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಸಾಮಾನ್ಯ ದರ್ಜೆಯದಾದರೆ 80 ದಾಟಿದಾಗಲೇ ಸೋಲಲು ಶುರು. ಸಮೇರಿಯಂ-ಕೋಬಾಲ್ಟ್ ಕಾಂತತ್ವ ಬಿಡುವುದು 700 ದಾಟಿದ ಮೇಲೆ. 1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ರೂಪುಗೊಂಡ ಇದು, 1978ರಲ್ಲಿ ಕೋಬಾಲ್ಟ್ ಗಣಿಗಳಿದ್ದ ಜೈರ್‌ನ (ಈಗಿನ ಕಾಂಗೊ) ಗಲಭೆಯಿಂದ ಕೋಬಾಲ್ಟ್ ಬೆಲೆ ಏರಿದಾಗ ಹಿಂದೆ ಬಿತ್ತು. ಕಾವು ಹೆಚ್ಚಿರುವ ಕಡೆ ಇಂದಿಗೂ ಇದೇ ಬೇಕು.

ನನ್ನ ಸಂಕಟವಿರುವುದು ಗುಜರಿಯಲ್ಲಿ. ಈ ಮ್ಯಾಗ್ನೆಟ್ಟಿಗೆ ಸಾಮಾನ್ಯವಾಗಿ ನಿಕಲ್ ಲೇಪನದ ಹೊಳಪಿಲ್ಲ, ಬಣ್ಣ ಮಂಕು ಬೂದು. ಕೈಜಾರಿ ಬಿದ್ದರೆ ಬಳೆಯಂತೆ ಚೂರಾಗುತ್ತದೆ. ತಣ್ಣಗಿದ್ದಾಗ ಸೆಳೆತವೂ ನಿಯೋಡಿಮಿಯಂಗಿಂತ ಕಡಿಮೆ. ಹಾಗಾಗಿ ಸತ್ತ ಮ್ಯಾಗ್ನೆಟ್ ಎಂದು ಕಬ್ಬಿಣದ ಜೊತೆ ತೂಕಕ್ಕೆ ಹಾಕುತ್ತಾರೆ. ಕೋಬಾಲ್ಟ್‌ಗೆ ನಮ್ಮ ದೇಶ ಹೊರಗಿನವರನ್ನೇ ನಂಬಿದೆ. ಚೀನಾ 2025ರ ಏಪ್ರಿಲ್‌ನಲ್ಲಿ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಏಳು ಲೋಹಗಳಲ್ಲಿ ಸಮೇರಿಯಂ ಒಂದು. ವಿಶಾಖಪಟ್ಟಣದಲ್ಲಿ ಕೇಂದ್ರ ಸರ್ಕಾರದ ಕಂಪನಿ ಐಆರ್‌ಇಎಲ್ ಈ ಮ್ಯಾಗ್ನೆಟ್ ತಯಾರಿಸಲು ನಡೆಸುವ ಘಟಕದ ಸಾಮರ್ಥ್ಯ ವರ್ಷಕ್ಕೆ 3,000 ಕೆ.ಜಿ. ಅಷ್ಟು ಕಷ್ಟಪಟ್ಟು ಮಾಡುವ ವಸ್ತುವನ್ನು ನಾವು ಮೊಳೆ, ತಗಡಿನ ಜೊತೆ ಕರಗಿಸಲು ಕಳಿಸುತ್ತಿದ್ದೇವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಅಲ್ಲಾಪಟ್ಟಣದ ಬಳಿ ಲಿಥಿಯಂ ಇದೆ ಎಂದಾಗ ಇಡೀ ಜಿಲ್ಲೆ ಸಂಭ್ರಮಿಸಿತ್ತು. ಈಗಾಗಲೇ ಕೈಯಲ್ಲಿರುವ ಲೋಹದ ಮೇಲೆ ಆ ಅಕ್ಕರೆ ಏಕಿಲ್ಲ?

ಖನಿಜಗಳ ಮರುಬಳಕೆಗೆ ಕೇಂದ್ರ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ₹1,500 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಮಂಡ್ಯ, ಮೈಸೂರಿನ ವೈಂಡಿಂಗ್ ಅಂಗಡಿಗಳಿಂದ ಹಳೆಯ ಮ್ಯಾಗ್ನೆಟ್‌ಗಳನ್ನು ವಿಂಗಡಿಸಿ ಪಡೆಯಲು ಒಂದು ವ್ಯವಸ್ಥೆ ಆಗಲಿ. ಐಟಿಐ ಮಕ್ಕಳಿಗೆ ಎರಡೂ ಬಗೆಯ ಮ್ಯಾಗ್ನೆಟ್ ಕೈಗೆ ಕೊಟ್ಟು ಗುರುತು ಹಿಡಿಸಲಿ. ನಾನು ಎಂಟು ತುಂಡುಗಳನ್ನು ಮರದ ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಎಲ್ಲಿಗೆ ತಂದುಕೊಡಬೇಕೆಂದು ಜಿಲ್ಲಾಡಳಿತ ತಿಳಿಸಿದರೆ ಮರುದಿನವೇ ತರುತ್ತೇನೆ.

– ಮೋಟಾರ್ ವೈಂಡಿಂಗ್ ಕೆಲಸಗಾರ, ಮಂಡ್ಯ