‘ಎಂಜಿನ್ ಬದಲಿಸಿ’ ಎನ್ನುವ ಮೊದಲು ಅಳತೆಯನ್ನು ಕಾಗದದ ಮೇಲೆ ಕೊಡಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ 31 ವರ್ಷ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಗ್ರೈಂಡಿಂಗ್ ಮಾಡಿ ನಿವೃತ್ತನಾದವನು ನಾನು. ಈಚೆಗೆ ನಮ್ಮ ಬೆಳಗಾವಿಯಲ್ಲಿಯೂ ಹಳೆಯ ಸ್ಪೋರ್ಟ್ಸ್ ಕಾರುಗಳು ಕಾಣತೊಡಗಿವೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಹತ್ತು ಹನ್ನೆರಡು ವರ್ಷ ಓಡಿದ ಕಾರುಗಳನ್ನು ನಮ್ಮ ಹುಡುಗರು ಆಸೆಪಟ್ಟು, ಕೂಡಿಟ್ಟ ಹಣವನ್ನೆಲ್ಲ ಹಾಕಿ ತರುತ್ತಾರೆ. ಒಂದೂವರೆ ಲಕ್ಷ ಕಿಲೋಮೀಟರ್ ದಾಟುವ ಹೊತ್ತಿಗೆ ಏನಾದರೊಂದು ತಕರಾರು ಬರುತ್ತದೆ. ಗ್ಯಾರೇಜಿನವರು ಓಡಿದ ಕಿಲೋಮೀಟರ್ ನೋಡಿ, ಎಂಜಿನ್ನಿನ ಸದ್ದು ಕೇಳಿ, ‘ಇದು ಮುಗಿದಿದೆ, ಬದಲಿಸಬೇಕು’ ಎಂದುಬಿಡುತ್ತಾರೆ. ಅಳತೆ ತೆಗೆಯದೆ ಈ ಮಾತನ್ನು ಯಾರೂ ಹೇಳಬಾರದು, ಹೇಳಿದರೆ ಯಾರೂ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ತಂಗಿಯ ಮಗನದೂ ಇಂಥದೇ ಕಾರು: ಎರಡು ಸೀಟಿನದು, ಒಂದೇ ಸಾಲಿನ ಆರು ಸಿಲಿಂಡರಿನದು, 1,62,000 ಕಿ.ಮೀ. ಓಡಿದ್ದು. ನಿಂತಲ್ಲಿ ಎಂಜಿನ್ ನಡುಗುತ್ತಿತ್ತು, ಎಳೆಯುವ ಶಕ್ತಿ ತಗ್ಗಿತ್ತು, ಸಾವಿರ ಕಿಲೋಮೀಟರಿಗೆ ಸುಮಾರು 400 ಮಿಲಿಲೀಟರ್ ಆಯಿಲ್ ಕಡಿಮೆಯಾಗುತ್ತಿತ್ತು. ಬೇರೆ ಊರಿನ ವರ್ಕ್‌ಶಾಪೊಂದರಲ್ಲಿ ತೋರಿಸಿದಾಗ, ಕಾರು ಕೊಂಡ ಬೆಲೆಗಿಂತ ಹೆಚ್ಚಿನ ಮೊತ್ತವನ್ನು ಎಂಜಿನ್ ಬದಲಾವಣೆಗೆಂದು ಬರೆದುಕೊಟ್ಟರು. ಆ ಚೀಟಿಯಲ್ಲಿ ರೂಪಾಯಿಯ ಅಂಕಿಗಳಿದ್ದವೇ ಹೊರತು ಎಂಜಿನ್ನಿನ ಒಂದು ಅಳತೆಯೂ ಇರಲಿಲ್ಲ. ‘ಮಾಮಾ, ಎಂಜಿನ್ ಮುಗೀತಂತ, ಬ್ಯಾರೇದ ಹಾಕಸಬೇಕಂತ’ ಎಂದು ಅವನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ನಾವಿಬ್ಬರೂ ಆಯಿಲ್ ಮಟ್ಟ, ನೀರು ಸರಿಯಾಗಿರುವುದನ್ನು ನೋಡಿಕೊಂಡು ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟಿಗೆ ಹೋದೆವು. ಘಾಟು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಬಿಟ್ಟರೆ ಸಿಲಿಂಡರಿನೊಳಗೆ ನಿರ್ವಾತ ಹೆಚ್ಚುತ್ತದೆ. ವಾಲ್ವ್ ಸೀಲುಗಳು ಗಟ್ಟಿಯಾಗಿದ್ದರೆ ಆಯಿಲ್ ಅಲ್ಲಿಂದ ಒಳಕ್ಕೆ ಜಿನುಗಿ, ಮತ್ತೆ ಕಾಲು ಒತ್ತಿದ ಕೂಡಲೇ ನೀಲಿ ಹೊಗೆಯಾಗಿ ಬರುತ್ತದೆ. ಹಾಗೆಯೇ ಬಂತು. ಆದರೆ ಮರಳಿ ಘಾಟು ಹತ್ತುವಾಗ, ಎಂಜಿನ್ ಪೂರ್ತಿ ಭಾರ ಹೊತ್ತ ಹೊತ್ತಿನಲ್ಲಿ, ಹೊಗೆಯೇ ಇರಲಿಲ್ಲ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಹತ್ತುವಾಗಲೇ ಹೊಗೆ ಹೆಚ್ಚಬೇಕಿತ್ತು. ಈ ಪರೀಕ್ಷೆಗೆ ನಮಗೆ ತಗುಲಿದ್ದು ಪೆಟ್ರೋಲಿನ ಖರ್ಚು ಮಾತ್ರ.

ಊರಿಗೆ ಬಂದು ಪರಿಚಯದ ಗ್ಯಾರೇಜಿನಲ್ಲಿ ಲೀಕ್‌ಡೌನ್ ಪರೀಕ್ಷೆ ಮಾಡಿಸಿದೆವು. ಪ್ಲಗ್ ತೆಗೆದು, ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ನಿಲ್ಲಿಸಿ, ಒತ್ತಡದ ಗಾಳಿ ಬಿಟ್ಟು, ಅದರಲ್ಲಿ ಎಷ್ಟು ಪಾಲು ಸೋರುತ್ತದೆ ಎಂದು ನೋಡುವ ಪರೀಕ್ಷೆ ಇದು. ಸೋರಿಕೆ ಶೇ 10ರೊಳಗಿದ್ದರೆ ಹಳೆಯ ಎಂಜಿನ್ನಿಗೆ ಅದು ಒಳ್ಳೆಯ ಆರೋಗ್ಯ. ಶೇ 20 ದಾಟಿದರೆ ಕಾರಣ ಹುಡುಕಲೇಬೇಕು. ಐದು ಸಿಲಿಂಡರುಗಳಲ್ಲಿ 6ರಿಂದ 9 ಬಂತು, ನಾಲ್ಕನೆಯದರಲ್ಲಿ 34. ಸೋರುವ ಗಾಳಿ ಎಲ್ಲಿಂದ ಹೊರಬರುತ್ತದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಆಯಿಲ್ ಹಾಕುವ ಬಾಯಿಯಲ್ಲಿ ಸುಯ್ ಎಂದರೆ ರಿಂಗು ಅಥವಾ ಬೋರು (ಸಿಲಿಂಡರಿನ ಒಳಗೋಡೆ), ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗಿನ ಪಟ್ಟಿ), ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ನಮ್ಮದು ಸೈಲೆನ್ಸರಿನಲ್ಲಿ ಕೇಳಿತು. ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿದಾಗ (ಬೋರನ್ನು ಉಜ್ಜುಕಲ್ಲಿನಿಂದ ನಯಗೊಳಿಸಿದಾಗ) ಮೂಡಿದ ಓರೆ ಗೆರೆಗಳು ಆರೂ ಬೋರುಗಳಲ್ಲಿ ಇನ್ನೂ ಸ್ಪಷ್ಟವಾಗಿದ್ದವು. ಹೆಡ್ ಇಳಿಸಿದಾಗ ನಾಲ್ಕನೆಯ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಉಗುರಿನಷ್ಟು ಸುಟ್ಟು ಹೋಗಿತ್ತು. ವಾಲ್ವ್ ಬದಲಿಸಿ, ವಾಲ್ವುಗಳು ಕೂರುವ ಸೀಟುಗಳನ್ನು ಕಟ್ ಮಾಡಿಸಿ, ಎಲ್ಲ ಸೀಲು ಮತ್ತು ಗ್ಯಾಸ್ಕೆಟ್ ಹೊಸದು ಹಾಕಿಸಲು ತಗುಲಿದ್ದು, ಮೊದಲು ಬರೆದುಕೊಟ್ಟ ಮೊತ್ತದ ಐದನೆಯ ಒಂದು ಭಾಗಕ್ಕಿಂತ ಕಡಿಮೆ.

ಹಾಗೆಂದು ಎಲ್ಲ ಎಂಜಿನ್ನುಗಳನ್ನೂ ರಿಪೇರಿ ಮಾಡಬಹುದೆಂದು ನಾನು ಹೇಳುತ್ತಿಲ್ಲ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿಗೆ ತೂತು ಬಿದ್ದಿದ್ದರೆ, ಅತಿಯಾಗಿ ಕಾದು ಬ್ಲಾಕಿನ ಮೇನ್ ಬೇರಿಂಗ್ ಸಾಲು ಬಾಗಿದ್ದರೆ ಬದಲಿಸುವುದೇ ಸರಿ. ಬೋರುಗಳ ವಿಷಯದಲ್ಲಂತೂ ಸ್ಪೋರ್ಟ್ಸ್ ಕಾರನ್ನು ಜೀಪಿನಂತೆ ನೋಡಬಾರದು. ಎರಕದ ಕಬ್ಬಿಣದ ಬೋರಾದರೆ 0.25 ಅಥವಾ 0.50 ಮಿ.ಮೀ. ಹೆಚ್ಚಿಗೆ ಬೋರ್ ಹೊಡೆದು ಓವರ್‌ಸೈಜ್ ಪಿಸ್ಟನ್ ಹಾಕುವುದು ನಮ್ಮ ಕಡೆಯ ನಿತ್ಯದ ಕೆಲಸ. ಆದರೆ 1999ರಲ್ಲಿ ಬಂದ, 9,000 ಆರ್‌ಪಿಎಂ ತನಕ ತಿರುಗುತ್ತಿದ್ದ ಹೋಂಡಾ ಎಸ್2000 ಕಾರಿನ ಸಿಲಿಂಡರ್ ಗೋಡೆ ನಾರು ಬೆರೆತ ಲೋಹದ್ದು. ನಿಸ್ಸಾನ್ ಜಿಟಿ-ಆರ್ ಎಂಜಿನ್ನಿನಲ್ಲಿ ಲೈನರೇ (ಬೋರಿನೊಳಗೆ ಕೂರಿಸುವ ಲೋಹದ ಕೊಳವೆ) ಇಲ್ಲ, ಪ್ಲಾಸ್ಮಾ ವಿಧಾನದಿಂದ ಸಿಂಪಡಿಸಿದ ತೆಳುವಾದ ಲೋಹದ ಪದರವಿದೆ. ಇಂಥ ಬೋರಿನಲ್ಲಿ ಗೀರು ಬಿದ್ದ ಮೇಲೆ ಸಾಮಾನ್ಯ ಬೋರಿಂಗ್ ಮಷಿನ್ನಿಗೆ ಏರಿಸಿದರೆ ಆ ಪದರವೇ ಹಾಳಾಗುತ್ತದೆ. ಹೊಸ ಲೈನರ್ ಕೂರಿಸಬಲ್ಲ ನುರಿತ ಕೈ ಸಿಗದಿದ್ದರೆ ಬದಲಿ ಎಂಜಿನ್ನೇ ಲೇಸು.

ನನ್ನ ವೃತ್ತಿಯವರಿಗೂ ಒಂದು ಮಾತು ಹೇಳಬೇಕು. ಟ್ರ್ಯಾಕ್ಟರ್, ಲಾರಿಗಳ ಕ್ರ್ಯಾಂಕನ್ನು ಕಣ್ಣುಮುಚ್ಚಿ ತಿಕ್ಕಬಲ್ಲ ಕೈಗಳು ಉದ್ಯಮಬಾಗದಲ್ಲಿವೆ, ಅದು ನಮ್ಮ ಊರಿನ ಹೆಮ್ಮೆ. ಆದರೆ ಹೆಚ್ಚು ಆರ್‌ಪಿಎಂ ಎಂಜಿನ್ನಿನ ಕ್ರ್ಯಾಂಕಿನ ಮೇಲ್ಮೈ ಗಟ್ಟಿಯಾಗಲೆಂದು ಅನೇಕ ವೇಳೆ ನೈಟ್ರೈಡಿಂಗ್ ಎಂಬ ಸಂಸ್ಕರಣೆ ಮಾಡಿರುತ್ತಾರೆ; ಜರ್ನಲ್ (ಬೇರಿಂಗಿನಲ್ಲಿ ಕೂತು ತಿರುಗುವ ಭಾಗ) ತಿಕ್ಕಿದರೆ ಆ ಗಟ್ಟಿ ಪದರ ಹೋಗಬಹುದು, ಮತ್ತೆ ಮಾಡಿಸದೆ ಜೋಡಿಸಿದರೆ ಬಾಳಿಕೆ ಬರುವುದಿಲ್ಲ. ಅಳತೆಯೂ ಅಷ್ಟೇ ಸೂಕ್ಷ್ಮ. ನಮ್ಮ ಶಾಪಿನಲ್ಲಿ ಹಿರಿಯರೊಬ್ಬರು ಬೆಳಿಗ್ಗೆ ತಗಡಿನ ಚಾವಣಿ ಕಾಯುವ ಮೊದಲೇ ಮೈಕ್ರೋಮೀಟರ್ ಹಿಡಿಯಬೇಕೆಂದು ಕಟ್ಟುನಿಟ್ಟು ಮಾಡಿದ್ದರು, ಕ್ರ್ಯಾಂಕ್ ಹಿಂದಿನ ರಾತ್ರಿಯೇ ಮೇಜಿನ ಮೇಲೆ ಇರಬೇಕಿತ್ತು. 50 ಮಿ.ಮೀ. ಜರ್ನಲ್ 10 ಡಿಗ್ರಿ ಕಾದರೆ ಸುಮಾರು 6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹಿಗ್ಗುತ್ತದೆ. ಬೇರಿಂಗಿನಲ್ಲಿ ಇರಬೇಕಾದ ಸಂದು ಸಾಮಾನ್ಯವಾಗಿ 25ರಿಂದ 60 ಮೈಕ್ರಾನ್ ಮಾತ್ರ. ಕಿವಿಯಿಂದ ಕೇಳಿ ‘ಬೇರಿಂಗ್ ಹೋಗಿದೆ’ ಎನ್ನುವವರು ಈ ಲೆಕ್ಕವನ್ನು ನೆನೆಯಬೇಕು.

ಬದಲಿ ಎಂಜಿನ್ ಎಂದರೆ ಹೊಸ ಎಂಜಿನ್ ಎಂದೇ ಅನೇಕರು ತಿಳಿದಿದ್ದಾರೆ. ಹೆಚ್ಚಿನ ಸಲ ಅದು ಅಪಘಾತವಾದ ಇನ್ನೊಂದು ಕಾರಿನಿಂದ ಇಳಿಸಿದ್ದು, ಅದೆಷ್ಟು ಓಡಿದೆ, ಹೇಗೆ ಓಡಿಸಿದ್ದಾರೆ ಎಂಬುದಕ್ಕೆ ದಾಖಲೆಯಿರುವುದಿಲ್ಲ. ಗೊತ್ತಿರುವ ಸವೆತವನ್ನು ಕೊಟ್ಟು ಗೊತ್ತಿಲ್ಲದ ಸವೆತವನ್ನು ಕೊಂಡಂತಾಗುತ್ತದೆ. ಅದಕ್ಕೂ ಲೀಕ್‌ಡೌನ್ ಪರೀಕ್ಷೆ ಮಾಡಿಸಿಯೇ ಹಣ ಕೊಡಬೇಕು. ಜೊತೆಗೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ಎಂಜಿನ್ ಬದಲಾವಣೆಯನ್ನು 14 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಎಂಜಿನ್ ನಂಬರ್ ತಾಳೆಯಾಗದ ಕಾರಿಗೆ ಅಪಘಾತದ ನಂತರ ವಿಮೆ ಹಣ ಕೇಳಲು ಹೋದವನ ಪಾಡು ಊಹಿಸಿಕೊಳ್ಳಿ.

ಗ್ಯಾರೇಜಿನವರ ಕಷ್ಟವೂ ನನಗೆ ಗೊತ್ತು. ಎಂಜಿನ್ ಬಿಚ್ಚಿ ಅಳೆಯಲು ಎರಡು ದಿನ ಹಿಡಿಯುತ್ತದೆ, ಆಮೇಲೆ ಗಿರಾಕಿ ‘ಬೇಡ’ ಎಂದರೆ ಆ ದುಡಿಮೆಗೆ ಬೆಲೆಯೇ ಇಲ್ಲ. ಆದ್ದರಿಂದ ಬಿಚ್ಚಿ ಅಳೆಯುವ ಕೂಲಿಯನ್ನು ಬೇರೆಯಾಗಿಯೇ ನಿಗದಿ ಮಾಡಿ, ಗಿರಾಕಿಗಳು ಅದನ್ನು ತಕರಾರಿಲ್ಲದೆ ಕೊಡಬೇಕು. ಅದಕ್ಕೆ ಪ್ರತಿಯಾಗಿ ಪ್ರತಿ ಸಿಲಿಂಡರಿನ ಸೋರಿಕೆ, ಬೋರಿನ ಅಳತೆ, ಜರ್ನಲಿನ ಅಳತೆ, ಆಯಿಲ್ ಒತ್ತಡ ಇಷ್ಟನ್ನೂ ಬರೆದು ಸಹಿ ಮಾಡಿದ ಹಾಳೆ ಕೈಗೆ ಸಿಗಬೇಕು. ಆ ಹಾಳೆ ಹಿಡಿದು ಗಿರಾಕಿ ಇನ್ನೊಂದು ಕಡೆ ಕೇಳಲಿ, ತಪ್ಪೇನಿಲ್ಲ.

ಬೆಳಗಾವಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂಥ ಸಂಸ್ಥೆಯು, ಸಾರ್ವಜನಿಕರು ಕಡಿಮೆ ಶುಲ್ಕಕ್ಕೆ ಬ್ಲಾಕ್ ಮತ್ತು ಕ್ರ್ಯಾಂಕ್ ಅಳತೆ ಮಾಡಿಸಿಕೊಳ್ಳಲು ತಿಂಗಳಿಗೆ ಎರಡು ದಿನವಾದರೂ ತೆರೆದಿಡಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ. ಅಲ್ಲಿ ಕಲಿಯುವ ಮಕ್ಕಳಿಗೂ ಸವೆದ ಎಂಜಿನ್ನಿನ ಮೇಲೆ ಕೈ ಪಳಗುತ್ತದೆ. ಹಾಗೇನಾದರೂ ಶುರುವಾದರೆ, ಜರ್ನಲ್ ಅಳೆಯುವ ಕ್ರಮವನ್ನು ಹೇಳಿಕೊಡಲು ನಾನು ಪ್ರತಿಫಲವಿಲ್ಲದೆ ಬರಲು ಸಿದ್ಧನಿದ್ದೇನೆ. ನನ್ನ ಮೈಕ್ರೋಮೀಟರುಗಳು ಇನ್ನೂ ಸುಸ್ಥಿತಿಯಲ್ಲಿವೆ.

ತಮ್ಮ ವಿಶ್ವಾಸಿ,
ನಿವೃತ್ತ ಕ್ರ್ಯಾಂಕ್‌ಶಾಫ್ಟ್ ಗ್ರೈಂಡರ್
ಅನಗೋಳ, ಬೆಳಗಾವಿ