ಅಗಲಿದ ಕೃಷಿಕರ ಬದುಕು ಪತ್ರಿಕೆಯಲ್ಲಿ ಉಳಿಯಲಿ

ಮಾನ್ಯ ಸಂಪಾದಕರೇ,

ಕೆನಡಾದ ಮ್ಯಾನಿಟೋಬಾದಲ್ಲಿ ನೆಲೆಸಿರುವ ನಾನು, ಇಲ್ಲಿನ ಮೆನೊನೈಟ್ ಕೃಷಿಕರು ಅಗಲಿದವರನ್ನು ನೆನೆಯುವ ಕ್ರಮವನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಸೇನಾಸೇವೆಯಿಂದ ತಮಗಿದ್ದ ವಿನಾಯಿತಿ ಕೈತಪ್ಪುವ ಭಯದಿಂದ, ಇಂದಿನ ಉಕ್ರೇನಿನಲ್ಲಿದ್ದ ಹಳ್ಳಿಗಳನ್ನು ತೊರೆದು, 1874ರಿಂದ 1880ರೊಳಗೆ ಸುಮಾರು 7,000 ಮಂದಿ ಇಲ್ಲಿಗೆ ಬಂದು, ಹುಲ್ಲುಗಾವಲನ್ನು ಉತ್ತು ಬೇಸಾಯಕ್ಕೆ ತಂದ ಕ್ರೈಸ್ತ ಸಮುದಾಯವಿದು. ಆಯುಧ ಹಿಡಿಯದಿರುವುದು ಇವರ ನಂಬಿಕೆಯ ತಿರುಳು.

1880ರಿಂದ 2007ರವರೆಗೆ ನಡೆದ ‘ಮೆನೊನೈಟಿಷೆ ರುಂಡ್‌ಶೌ’ ಎಂಬ ಜರ್ಮನ್ ಪತ್ರಿಕೆಯ ಮರಣವಾರ್ತೆಗಳಲ್ಲಿ ಸಾಮಾನ್ಯ ರೈತನೊಬ್ಬನ ಇಡೀ ಬಾಳು ಕಾಣುತ್ತದೆ: ಹುಟ್ಟಿದ ಹಳ್ಳಿ, ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ಪಡೆದ ದೀಕ್ಷಾಸ್ನಾನ, ಮದುವೆ, ವಲಸೆ, ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಮೊಮ್ಮಕ್ಕಳ ಸಂಖ್ಯೆ, ಕೊನೆಯ ಕಾಯಿಲೆ. ಆಯಸ್ಸನ್ನು ಎಷ್ಟೋ ಕಡೆ ವರ್ಷ, ತಿಂಗಳು, ದಿನಗಳ ಲೆಕ್ಕದಲ್ಲಿ ಬರೆದಿರುತ್ತಾರೆ. ಮೊದಲ ಬಾರಿ ಓದಿದಾಗ ಆ ದಿನಗಳ ಲೆಕ್ಕವೇ ನನ್ನ ಕಣ್ಣು ತೇವಗೊಳಿಸಿತು. ಸಾಗರದಾಚೆ ಚದುರಿಹೋದ ಬಂಧುಗಳಿಗೆ ಸಾವಿನ ಸುದ್ದಿ ಮುಟ್ಟಿಸುತ್ತಿದ್ದ ಈ ಬರಹಗಳು ಇಂದು ವಂಶಾವಳಿ ಹುಡುಕುವವರಿಗೆ ಆಧಾರವಾಗಿವೆ.

ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿ ಪುಟದಲ್ಲಾದರೋ ಭಾವಚಿತ್ರ, ಎರಡು ದಿನಾಂಕ, ದುಃಖತಪ್ತ ಕುಟುಂಬದವರ ಹೆಸರು ಇಷ್ಟೇ ಇರುತ್ತವೆ. ಜೀವಮಾನವೆಲ್ಲ ಗದ್ದೆಯಲ್ಲಿ ನಾಟಿ ಮಾಡಿದ ತಾಯಿ ಯಾವ ಊರಿನಿಂದ ಸೊಸೆಯಾಗಿ ಬಂದಳು, ಯಾವ ಬರಗಾಲವನ್ನು ದಾಟಿದಳು ಎಂಬುದು ಅವಳೊಂದಿಗೇ ಮಣ್ಣಾಗುತ್ತದೆ. ವಾರಕ್ಕೊಮ್ಮೆಯಾದರೂ ಅಗಲಿದ ಒಬ್ಬ ಕೃಷಿಕರ ಜೀವನವೃತ್ತಾಂತವನ್ನು, ಮನೆಯವರೇ ಬರೆದು ಕಳುಹಿಸಿದ್ದನ್ನು, ಶುಲ್ಕವಿಲ್ಲದೆ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ವಿನ್ನಿಪೆಗ್