ನೈಜರ್ ದೇಶದ ಬೆಳೆ ಮಾತುಕತೆಗೆ ಮುನ್ನ

ಸದಸ್ಯರೇ, ಭಾನುವಾರದ ಮಾತುಕತೆಗೆ ಪಶ್ಚಿಮ ಆಫ್ರಿಕಾದ ನೈಜರ್ ದೇಶವನ್ನು ಆರಿಸಿಕೊಂಡಿದ್ದೇವೆ. ಬರುವ ಮುನ್ನ ಇಷ್ಟು ಓದಿಕೊಂಡಿರಿ.

ಅಲ್ಲಿ ಮಳೆಗಾಲ ಒಂದೇ, ಸರಿಸುಮಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮುಖ್ಯ ಬೆಳೆ ನಮ್ಮ ಕೊಪ್ಪಳ, ರಾಯಚೂರಿನವರಿಗೆ ಚಿರಪರಿಚಿತವಾದ ಸಜ್ಜೆ; ಜೊತೆಗೆ ಜೋಳ, ಅಲಸಂದೆ. ಮೊದಲ ಹದಮಳೆ ಬಿದ್ದೊಡನೆ ಒಬ್ಬ ಉದ್ದ ಕಾವಿನ ಗುದ್ದಲಿಯಿಂದ ಮರಳಿನಲ್ಲಿ ಗುಣಿ ತೋಡುತ್ತಾ ನಡೆಯುತ್ತಾನೆ, ಹಿಂದೆ ಬರುವವರು ಚಿಟಿಕೆ ಬೀಜ ಹಾಕಿ ಪಾದದಿಂದ ಮುಚ್ಚುತ್ತಾರೆ. ಆಮೇಲೆ ಮಳೆ ಕೈಕೊಟ್ಟರೆ ಮತ್ತೆ ಬಿತ್ತಬೇಕು, ಅಂದರೆ ತಿನ್ನಲು ಇಟ್ಟ ಕಾಳೇ ಮಣ್ಣಿಗೆ.

ಪೈರು ಹಸಿರಾಗಿರುವಾಗಲೇ ಕಣಜ ಬರಿದಾಗಿರುತ್ತದೆ. ಈ ತಿಂಗಳುಗಳಲ್ಲಿ ಕಾಳನ್ನು ಮೂಟೆಯಲ್ಲಿ ಕೊಳ್ಳುವ ಶಕ್ತಿ ಇಲ್ಲದವರು ಸಂತೆಯಲ್ಲಿ 'ತಿಯಾ' ಎಂಬ ಬಟ್ಟಲಿನಿಂದ ಅಳೆಸಿಕೊಂಡು ಒಯ್ಯುತ್ತಾರೆ. ಕಾಳಿನ ಬೆಲೆ ಏರುತ್ತದೆ. ಅದೇ ಹೊತ್ತಿಗೆ ಕಾಳು ಕೊಳ್ಳುವ ಹಣಕ್ಕಾಗಿ ಎಲ್ಲರೂ ಆಡು ಮಾರಲು ಬಂದರೆ ಆಡಿನ ಬೆಲೆ ಕುಸಿಯುತ್ತದೆ. ಹಾಗಾಗಿ ಒಂದು ಆಡಿಗೆ ಎಷ್ಟು ಸಜ್ಜೆ ಸಿಗುತ್ತದೆ ಎಂಬುದೇ ನನ್ನ ಮಟ್ಟಿಗೆ ಇಳುವರಿಗಿಂತ ದೊಡ್ಡ ಅಳತೆ.

2004ರಲ್ಲಿ ಬರ, ಮಿಡತೆ ಎರಡೂ ಬಂದು 2005ರಲ್ಲಿ ಹಸಿವು ತೀವ್ರವಾಯಿತು. 2023ರ ಜುಲೈನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ದಕ್ಷಿಣದ ನೆರೆಯ ನೈಜೀರಿಯಾ, ಬೆನಿನ್ ದೇಶಗಳು ಗಡಿ ಮುಚ್ಚಿದವು. ಅಲ್ಲಿಂದ ಬರುತ್ತಿದ್ದ ಧಾನ್ಯಕ್ಕೆ ಅಡ್ಡಿಯಾಯಿತು. 2024ರಲ್ಲಿ ಭಾರಿ ಪ್ರವಾಹ.

ಅಲ್ಲಿನ ಗಲ್ಮಿ ಎಂಬ ಊರಿನ ನೇರಳೆ ಈರುಳ್ಳಿಯ ಸಂಗತಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳೋಣ, ಅದು ದೊಡ್ಡ ಕಥೆ. ಯಾವ ವರ್ಷದ್ದೆಂದು ತಿಳಿಯದ ಬರಗಾಲದ ಚಿತ್ರಗಳನ್ನು ದಯವಿಟ್ಟು ನಮ್ಮ ಗುಂಪಿನಲ್ಲಿ ಹಾಕಬೇಡಿ.